ಚದುರಿದ ಬಂಧುಗಳು: ಗ್ರಂಥಾಲಯ ವರ್ಗೀಕರಣ, ವಿಷಯ ಶೀರ್ಷಿಕೆ ಮತ್ತು ಕನ್ನಡ ಕೃತಿಗಳ ಸಾದೃಶ್ಯದ ಪ್ರಶ್ನೆ

1. ಪ್ರಸ್ತಾವನೆ

ಓದುಗನೊಬ್ಬ ಪುಸ್ತಕವನ್ನು ಗ್ರಂಥಾಲಯಕ್ಕೆ ಹಿಂದಿರುಗಿಸುವಾಗ ಕೇಳುವ ಸಹಜವಾದ ಪ್ರಶ್ನೆ 'ಇಂಥದ್ದೇ ಇನ್ನೊಂದು ಇದೆಯೆ?' ಎಂಬುದು. ಈ ಪ್ರಶ್ನೆಗೆ ಕನ್ನಡ ಗ್ರಂಥಾಲಯಗಳು ಯಾವ ಆಧಾರದ ಮೇಲೆ ಉತ್ತರಿಸುತ್ತವೆ ಮತ್ತು ಉತ್ತರಿಸಬಲ್ಲವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿಚಾರಕ್ಕೆ ಪ್ರೇರಣೆಯಾದ ಒಂದು ಚಿಕ್ಕ ಪ್ರಸಂಗವನ್ನು ಇಲ್ಲಿ ಹೇಳಬಹುದು. ಸಂಶೋಧನೆಯ ನಿಮಿತ್ತ ಬೆಂಗಳೂರಿನ ಉತ್ತರ ಭಾಗದ ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರಗಳ ಗ್ರಂಥಾಲಯಗಳಿಗೆ ಹೋಗಿ ಬರುತ್ತಿದ್ದಾಗ ಒಂದು ಶಾಖಾ ಗ್ರಂಥಾಲಯದಲ್ಲಿ ಹಿರಿಯರೊಬ್ಬರು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಕಾದಂಬರಿಯನ್ನು ಹಿಂದಿರುಗಿಸಿ, ಅಂಥದ್ದೇ ಇನ್ನೊಂದನ್ನು ಕೇಳಿದರು. ಅಲ್ಲಿನ ಸಹಾಯಕಿ ಕಾದಂಬರಿಗಳ ಕಪಾಟಿನ ಕಡೆಗೆ ಹೋಗಲೇ ಇಲ್ಲ. ಎದುರು ಗೋಡೆಯ ವಿಜ್ಞಾನದ ಕಪಾಟಿನಿಂದ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ತೆಗೆದುಕೊಟ್ಟರು. ಆ ಆಯ್ಕೆ ಸರಿಯಾದುದೆಂದು ಎರಡೂ ಕೃತಿಗಳನ್ನು ಬಲ್ಲವರು ಒಪ್ಪುತ್ತಾರೆ. ಆದರೆ ಈ ಎರಡು ಕೃತಿಗಳ ನಡುವಿನ ಸಂಬಂಧ ಆ ಗ್ರಂಥಾಲಯದ ಸೂಚಿಯಲ್ಲಿ ಎಲ್ಲಿಯೂ ದಾಖಲಾಗಿರಲಿಲ್ಲ. ಅದು ಆ ಸಹಾಯಕಿಯ ನೆನಪಿನಲ್ಲಿ ಮಾತ್ರ ಇತ್ತು. ಅವರು ನಿವೃತ್ತರಾದ ದಿನ ಆ ತಿಳಿವಳಿಕೆಯೂ ಗ್ರಂಥಾಲಯವನ್ನು ಬಿಟ್ಟು ಹೋಗುತ್ತದೆ.

ವ್ಯಕ್ತಿಯ ನೆನಪಿನಲ್ಲಿರುವ ಈ ಸಂಬಂಧವನ್ನು ಸೂಚಿಗೆ ಇಳಿಸುವುದು ಸಾಧ್ಯವೆ? ಅದಕ್ಕೆ ಬೇಕಾದ ಶೀರ್ಷಿಕೆಗಳನ್ನು ಯಾರು ರೂಪಿಸಬೇಕು? ಇದು ಗ್ರಂಥಾಲಯ ವಿಜ್ಞಾನಕ್ಕೆ ಮಾತ್ರ ಸಂಬಂಧಿಸಿದುದಲ್ಲ, ಕನ್ನಡ ಅಧ್ಯಯನ ವಿಭಾಗಗಳ ಹೊಣೆಗಾರಿಕೆಯೂ ಹೌದು ಎಂಬುದು ಈ ಲೇಖನದ ನಿಲುವು.

2. ಕಪಾಟಿನ ನೆರೆಹೊರೆ

ವರ್ಗೀಕರಣದ ಮೊದಲ ಉದ್ದೇಶ ಪುಸ್ತಕಕ್ಕೆ ಒಂದು ನೆಲೆಯನ್ನು ಒದಗಿಸುವುದು. ಹಾಗೆ ನೆಲೆ ಒದಗಿಸುವಾಗ ಅದು ಪುಸ್ತಕಕ್ಕೆ ನೆರೆಹೊರೆಯನ್ನೂ ಒದಗಿಸುತ್ತದೆ. ಎಸ್.ಆರ್. ರಂಗನಾಥನ್ ಅವರು ಇದನ್ನು 'ಅಪುಪಾ' ವಿನ್ಯಾಸವೆಂದು ವಿವರಿಸಿದ್ದಾರೆ. ಗ್ರಹಣಕಾಲದ ನೆರಳಿನಂತೆ, ಓದುಗನ ಆಸಕ್ತಿಗೆ ನೇರವಾಗಿ ಹೊಂದುವ ಪುಸ್ತಕಗಳು ನಡುವೆ ಪೂರ್ಣಛಾಯೆಯಲ್ಲಿ ಇರಬೇಕು. ಅವುಗಳ ಎಡಬಲದಲ್ಲಿ ಭಾಗಶಃ ಸಂಬಂಧವುಳ್ಳವು ಅರೆಛಾಯೆಯಲ್ಲಿ ಇರಬೇಕು. ಅವುಗಳಾಚೆ ಅನ್ಯ ವಿಷಯದ ಪುಸ್ತಕಗಳು ಬರಬೇಕು. ಕಪಾಟಿನ ಸಾಲೇ ಓದುಗನಿಗೆ 'ಇದನ್ನೂ ನೋಡು' ಎಂದು ಹೇಳಬೇಕೆಂಬುದು ಇದರ ತಾತ್ಪರ್ಯ. ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ರಂಗನಾಥನ್ 1931ರಲ್ಲಿ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳನ್ನೂ 1933ರಲ್ಲಿ ಕೋಲನ್ ವರ್ಗೀಕರಣವನ್ನೂ ಪ್ರಕಟಿಸಿದರು. ತಮ್ಮ ಕೊನೆಯ ಹದಿನೈದು ವರ್ಷಗಳನ್ನು, 1957ರಿಂದ 1972ರವರೆಗೆ, ಅವರು ಬೆಂಗಳೂರಿನಲ್ಲಿಯೇ ಕಳೆದರು. 1962ರಲ್ಲಿ ಇಲ್ಲಿಯೇ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು.

ನಮ್ಮ ಗ್ರಂಥಾಲಯಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 1876ರಲ್ಲಿ ಆರಂಭವಾದ ಡ್ಯೂಯಿ ದಶಮಾಂಶ ಪದ್ಧತಿ. ಇದರಲ್ಲಿ ಕನ್ನಡ ಭಾಷೆಗೆ 494.814, ಕನ್ನಡ ಸಾಹಿತ್ಯಕ್ಕೆ 894.814 ಎಂಬ ಅಂಕಗಳಿವೆ. ಸಾಹಿತ್ಯದ ಅಂಕಕ್ಕೆ ಪ್ರಕಾರವನ್ನು ಸೂಚಿಸುವ ಒಂದು ಅಂಕಿ ಸೇರುತ್ತದೆ: ಕಾವ್ಯ 894.8141, ನಾಟಕ 894.8142, ಕಥನ ಸಾಹಿತ್ಯ 894.8143, ಪ್ರಬಂಧ 894.8144. ಅಂದರೆ ಡ್ಯೂಯಿ ಪದ್ಧತಿಯು ಸೃಜನಶೀಲ ಕೃತಿಯನ್ನು ಕುರಿತು ಮೊದಲು ಕೇಳುವುದು ಮೂಲ ಭಾಷೆ ಯಾವುದು ಎಂದು, ಅನಂತರ ಪ್ರಕಾರ ಯಾವುದು ಎಂದು. ಕೃತಿ ಏನನ್ನು ಕುರಿತದ್ದು ಎಂಬ ಪ್ರಶ್ನೆಗೆ ಅಲ್ಲಿ ಎಡೆಯಿಲ್ಲ. ಒಂದೇ ಅಂಕವುಳ್ಳ ಸಾವಿರಾರು ಕಾದಂಬರಿಗಳು ಮುಂದೆ ಲೇಖಕರ ಹೆಸರಿನ ಮೊದಲ ಅಕ್ಷರಗಳ ಅನುಕ್ರಮದಲ್ಲಿ ನಿಲ್ಲುತ್ತವೆ. ಇಲ್ಲಿ ನೆರೆಹೊರೆಯನ್ನು ನಿರ್ಧರಿಸುವುದು ಅಕ್ಷರಮಾಲೆ.

ಕೋಲನ್ ಪದ್ಧತಿ ಇದಕ್ಕಿಂತ ಭಿನ್ನ. ಅಲ್ಲಿಯೂ ಭಾಷೆ ಮತ್ತು ಪ್ರಕಾರಗಳು ಮೊದಲು ಬರುತ್ತವೆ. ಆದರೆ ಲೇಖಕನನ್ನು ಗುರುತಿಸುವುದು ಹೆಸರಿನಿಂದಲ್ಲ, ಹುಟ್ಟಿದ ವರ್ಷದಿಂದ. 1891ರಲ್ಲಿ ಹುಟ್ಟಿದ ಮಾಸ್ತಿಯವರಿಗೆ 'ಎಂ 91', 1902ರ ಕಾರಂತರಿಗೆ 'ಎನ್ 02', 1904ರ ಕುವೆಂಪು ಅವರಿಗೆ 'ಎನ್ 04' ಎಂಬ ಕಾಲಸೂಚಿ ಒದಗುತ್ತದೆ. ಪರಿಣಾಮವಾಗಿ ಸಮಕಾಲೀನರು ಪಕ್ಕಪಕ್ಕದಲ್ಲಿ ಬರುತ್ತಾರೆ. ಆರ್. ನರಸಿಂಹಾಚಾರ್ಯರು 1907, 1919 ಮತ್ತು 1929ರಲ್ಲಿ ಮೂರು ಸಂಪುಟಗಳಾಗಿ ಪ್ರಕಟಿಸಿದ 'ಕರ್ಣಾಟಕ ಕವಿಚರಿತೆ'ಯ ಕಾಲಾನುಕ್ರಮವನ್ನು ಬಲ್ಲ ಕನ್ನಡ ಅಧ್ಯಾಪಕರಿಗೆ ಈ ಕ್ರಮ ಅಪರಿಚಿತವೆನಿಸದು. ಆದರೂ ಕಾಲದ ಸಾಮೀಪ್ಯ ವಸ್ತುವಿನ ಸಾಮೀಪ್ಯವಲ್ಲ. 'ಕರ್ವಾಲೊ' ಮತ್ತು 'ಹಸುರು ಹೊನ್ನು' ಕೃತಿಗಳನ್ನು ಈ ಎರಡು ಪದ್ಧತಿಗಳಲ್ಲಿ ಯಾವುದೂ ಒಂದೆಡೆಗೆ ತರುವುದಿಲ್ಲ.

3. ಚದುರುವಿಕೆಯ ಮೂರು ನಿದರ್ಶನಗಳು

ಪುಸ್ತಕಗಳನ್ನು ಒಂದು ಲಕ್ಷಣದ ಆಧಾರದ ಮೇಲೆ ಕೂಡಿಸಿದಾಗ ಬೇರೊಂದು ಲಕ್ಷಣದಿಂದ ಸಮಾನವಾದವು ಬೇರೆಬೇರೆಯಾಗುವುದು ಅನಿವಾರ್ಯ. ಇಂಥವನ್ನು ಅರ್ನೆಸ್ಟ್ ಸ್ಯಾವೇಜ್ 'ಚದುರಿದ ಬಂಧುಗಳು' ಎಂಬರ್ಥದ ಹೆಸರಿನಿಂದ ಕರೆದರು. ಕನ್ನಡ ಸಾಹಿತ್ಯದಲ್ಲಿ ಈ ಚದುರುವಿಕೆ ಎಷ್ಟು ಆಳವಾದುದೆಂಬುದನ್ನು ಮೂರು ನಿದರ್ಶನಗಳಿಂದ ಕಾಣಬಹುದು.

ಮೊದಲನೆಯದು ನಿಸರ್ಗ ಸಾಹಿತ್ಯ. 1980ರ 'ಕರ್ವಾಲೊ' ಕಾದಂಬರಿಯಾದುದರಿಂದ 894.8143ರಲ್ಲಿ ಸೇರುತ್ತದೆ. 'ಹಸುರು ಹೊನ್ನು' ಸಸ್ಯಶಾಸ್ತ್ರದ 580ರಲ್ಲಿ ಸೇರಬಹುದು, ಪ್ರಬಂಧವೆಂದು ಭಾವಿಸಿದರೆ 894.8144ಕ್ಕೆ ಬರಬಹುದು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಈ ಕೃತಿಯನ್ನು ಶಾಸ್ತ್ರವೆನ್ನಬೇಕೋ ಸಾಹಿತ್ಯವೆನ್ನಬೇಕೋ ಎಂಬ ಪ್ರಶ್ನೆಗೆ ವರ್ಗೀಕಾರನು ಒಂದೇ ಅಂಕದಲ್ಲಿ ಉತ್ತರ ಕೊಡಬೇಕಾಗುತ್ತದೆ. ತೇಜಸ್ವಿಯವರ ಹಕ್ಕಿಗಳ ಪುಸ್ತಕಗಳು 598ಕ್ಕೆ ಹೋದರೆ ಒಬ್ಬನೇ ಲೇಖಕನ ಬರಹವೂ ಇಬ್ಭಾಗವಾಗುತ್ತದೆ.

ಎರಡನೆಯದು ಮಹಾಭಾರತ ಪರಂಪರೆ. ಪಂಪನ 'ವಿಕ್ರಮಾರ್ಜುನ ವಿಜಯ' ಮತ್ತು ಕುಮಾರವ್ಯಾಸನ 'ಕರ್ಣಾಟ ಭಾರತ ಕಥಾಮಂಜರಿ' ಕಾವ್ಯದಲ್ಲಿ, ಗಿರೀಶ ಕಾರ್ನಾಡರ 'ಯಯಾತಿ' (1961) ನಾಟಕದಲ್ಲಿ, ಎಸ್.ಎಲ್. ಭೈರಪ್ಪನವರ 'ಪರ್ವ' (1979) ಕಾದಂಬರಿಯಲ್ಲಿ, ವ್ಯಾಸಭಾರತದ ಕನ್ನಡ ಗದ್ಯಾನುವಾದ ಧರ್ಮದ 294.5923ರಲ್ಲಿ ಸೇರುತ್ತವೆ. ಸ್ನಾತಕೋತ್ತರ ತರಗತಿಯಲ್ಲಿ ಒಂದೇ ಪತ್ರಿಕೆಯಲ್ಲಿ ಕಲಿಸಬಹುದಾದ ಕೃತಿಗಳು ಗ್ರಂಥಾಲಯದಲ್ಲಿ ನಾಲ್ಕು ಕಡೆ ಇರುತ್ತವೆ.

ಮೂರನೆಯದು ದಲಿತ ಬದುಕಿನ ಬರಹ. ಶಿವರಾಮ ಕಾರಂತರ 'ಚೋಮನ ದುಡಿ' (1933) ಕಾದಂಬರಿ. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' (1994) ಆತ್ಮಕಥೆ. ಅದನ್ನು 920ರ ಜೀವನಚರಿತ್ರೆಯಲ್ಲಿಯೂ ಇರಿಸಬಹುದು, 300ರ ಸಮಾಜ ವಿಜ್ಞಾನದಲ್ಲಿಯೂ ಇರಿಸಬಹುದು. ಮರಾಠಿಯಿಂದ ಕನ್ನಡಕ್ಕೆ ಬಂದ ದಲಿತ ಆತ್ಮಕಥೆಗಳು ಸಾಹಿತ್ಯವೆಂದು ಪರಿಗಣಿತವಾದರೆ ಮೂಲಭಾಷೆಯ ಅಂಕವಾದ 891.46ಕ್ಕೆ ಸೇರಿ ಕನ್ನಡದ ಸಾಲಿನಿಂದಲೇ ಹೊರಹೋಗುತ್ತವೆ. ಈ ವಿಷಯದ ಮೇಲೆ ಸಂಶೋಧನೆ ಕೈಗೊಂಡ ವಿದ್ಯಾರ್ಥಿಯು ಒಂದೇ ಕಪಾಟನ್ನು ನೋಡಿ ತನ್ನ ಪೂರ್ವಸಾಹಿತ್ಯ ಸಮೀಕ್ಷೆಯನ್ನು ಮುಗಿಸಿದರೆ, ಅವನ ಪ್ರಬಂಧದ ತೀರ್ಮಾನಗಳೇ ಅಪೂರ್ಣವಾಗುವ ಅಪಾಯವಿದೆ.

4. ಕನ್ನಡ ಪರಂಪರೆಯಲ್ಲಿ ಶೀರ್ಷಿಕೆಯ ಕಲ್ಪನೆ

ವಸ್ತುವನ್ನು ಆಧರಿಸಿ ಬರಹಗಳನ್ನು ಕೂಡಿಸುವ ಕ್ರಮ ಪಾಶ್ಚಾತ್ಯ ಗ್ರಂಥಾಲಯಗಳಿಂದಲೇ ನಮಗೆ ಬಂದುದೆಂದು ಭಾವಿಸಬೇಕಾಗಿಲ್ಲ. ಹದಿಮೂರನೆಯ ಶತಮಾನದ ಮಲ್ಲಿಕಾರ್ಜುನನ 'ಸೂಕ್ತಿಸುಧಾರ್ಣವ'ವು ಪೂರ್ವಕವಿಗಳ ಪದ್ಯಗಳನ್ನು ಕವಿಯ ಹೆಸರಿನಿಂದಲೋ ಕಾಲದಿಂದಲೋ ಅಲ್ಲ, ಅಷ್ಟಾದಶ ವರ್ಣನೆಗಳೇ ಮೊದಲಾದ ವಿಷಯಗಳಿಂದ ವಿಂಗಡಿಸುತ್ತದೆ. ಚಂದ್ರೋದಯದ ಪದ್ಯವನ್ನು ಮೆಚ್ಚಿದವನಿಗೆ ಬೇರೆ ಕವಿಗಳ ಚಂದ್ರೋದಯಗಳು ಪಕ್ಕದಲ್ಲಿಯೇ ಸಿಗುತ್ತವೆ. ಹದಿನಾರನೆಯ ಶತಮಾನದ ಅಭಿನವವಾದಿ ವಿದ್ಯಾನಂದನ 'ಕಾವ್ಯಸಾರ'ವೂ ಇದೇ ಮಾರ್ಗದ್ದು. ಒಂದನೆಯ ಗುಣವರ್ಮನ ಕಾವ್ಯಗಳು ಇಂದು ಉಪಲಬ್ಧವಿಲ್ಲ. ಅವುಗಳ ಪದ್ಯಗಳು ನಮಗೆ ಉಳಿದಿರುವುದು ಇಂಥ ಸಂಕಲನಗಳ ಮೂಲಕ. ಹೀಗೆ ಶೀರ್ಷಿಕೆಯೊಂದರ ಅಡಿಯಲ್ಲಿ ಸೇರಿಸುವ ಕೆಲಸವು ರಕ್ಷಣೆಯ ಕೆಲಸವೂ ಆಗಿತ್ತು.

ವಚನಗಳ ಚರಿತ್ರೆ ಇನ್ನೂ ಸ್ಪಷ್ಟವಾದ ಪಾಠವನ್ನು ಕೊಡುತ್ತದೆ. ಹದಿನೈದನೆಯ ಶತಮಾನದ ಸಂಕಲನಕಾರರು ವಚನಗಳನ್ನು ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಷಟ್‌ಸ್ಥಲಗಳಿಗೆ ಅಳವಡಿಸಿ 'ಸ್ಥಲಕಟ್ಟು' ಮಾಡಿದರು. ಜಕ್ಕಣಾರ್ಯನ 'ಏಕೋತ್ತರಶತಸ್ಥಲ'ದಲ್ಲಿ ಈ ವಿಂಗಡಣೆ ನೂರೊಂದು ಸ್ಥಲಗಳವರೆಗೆ ಬೆಳೆಯಿತು. 'ಶೂನ್ಯಸಂಪಾದನೆ'ಯ ಕರ್ತೃಗಳು ಅವೇ ವಚನಗಳನ್ನು ಸಂವಾದದ ಕ್ರಮದಲ್ಲಿ ಜೋಡಿಸಿದರು. 1923ರಲ್ಲಿ ಫ.ಗು. ಹಳಕಟ್ಟಿಯವರ 'ವಚನಶಾಸ್ತ್ರ ಸಾರ' ಅವನ್ನು ವಿಷಯಗಳ ಅಡಿಯಲ್ಲಿ ಮುದ್ರಿಸಿತು. 1993ರಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಬಂದ ಹದಿನೈದು ಸಂಪುಟಗಳ 'ಸಮಗ್ರ ವಚನ ಸಂಪುಟ' ಮುಖ್ಯವಾಗಿ ವಚನಕಾರರನ್ನು ಆಧರಿಸಿದುದು. ಅದರ ಐದನೆಯ ಸಂಪುಟ ಮಾತ್ರ ಶಿವಶರಣೆಯರ ವಚನಗಳನ್ನು ಒಟ್ಟಾಗಿ ಕೊಡುತ್ತದೆ. ಒಂದೇ ವಚನ ಸ್ಥಲಕಟ್ಟಿನಲ್ಲಿ ಸಾಧನೆಯ ಒಂದು ಮೆಟ್ಟಿಲಾಗಿ, ಸಂಪಾದನೆಯಲ್ಲಿ ವಾದದ ಒಂದು ಉತ್ತರವಾಗಿ, ಆಧುನಿಕ ಸಂಪುಟದಲ್ಲಿ ವ್ಯಕ್ತಿಯೊಬ್ಬರ ಅಭಿವ್ಯಕ್ತಿಯಾಗಿ ಓದಿಸಿಕೊಳ್ಳುತ್ತದೆ. ಪಕ್ಕದಲ್ಲಿ ಏನಿದೆ ಎಂಬುದು ಅರ್ಥವನ್ನು ಬದಲಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಇಂದಿನ ಗ್ರಂಥಾಲಯದಲ್ಲಿ ವಚನ ಸಂಕಲನಕ್ಕೆ 894.8141 ಕೊಟ್ಟರೆ ಅದನ್ನು ಕಾವ್ಯವೆಂದು ತೀರ್ಮಾನಿಸಿದಂತೆ. 294.5ರ ಒಳಗೆ ಇರಿಸಿದರೆ ಅದು ಧರ್ಮಗ್ರಂಥವೆಂದೂ ಹಿಂದೂಧರ್ಮದ ಶಾಖೆಗೆ ಸೇರಿದುದೆಂದೂ ತೀರ್ಮಾನಿಸಿದಂತೆ. ವಿದ್ವಾಂಸರು ದಶಕಗಳಿಂದ ಚರ್ಚಿಸುತ್ತಿರುವ ಪ್ರಶ್ನೆಗಳಿಗೆ ವರ್ಗಾಂಕವು ಸದ್ದಿಲ್ಲದೆ ಉತ್ತರ ಕೊಟ್ಟುಬಿಡುತ್ತದೆ.

5. ವಿಷಯ ಶೀರ್ಷಿಕೆ ಒದಗಿಸುವ ಅವಕಾಶ

ಪುಸ್ತಕ ಒಂದೇ ಕಪಾಟಿನಲ್ಲಿ ಇರಬಲ್ಲದು. ಆದರೆ ಸೂಚಿಯಲ್ಲಿ ಅದಕ್ಕೆ ಎಷ್ಟು ವಿಷಯ ಶೀರ್ಷಿಕೆಗಳನ್ನಾದರೂ ಕೊಡಬಹುದು. ವರ್ಗಾಂಕವು ಚದುರಿಸಿದ ಬಂಧುಗಳನ್ನು ಶೀರ್ಷಿಕೆಗಳು ಮತ್ತೆ ಕೂಡಿಸಬಲ್ಲವು. ದುರದೃಷ್ಟವಶಾತ್ ಈ ಸೌಲಭ್ಯವನ್ನು ಬಹುಕಾಲ ಸೃಜನಶೀಲ ಸಾಹಿತ್ಯಕ್ಕೆ ವಿಸ್ತರಿಸಲಿಲ್ಲ. ಕಾದಂಬರಿ ಯಾವುದನ್ನೂ 'ಕುರಿತ'ದ್ದಲ್ಲ ಎಂಬ ನಂಬಿಕೆ ಇದಕ್ಕೆ ಕಾರಣ. ಅಮೆರಿಕದ ಗ್ರಂಥಾಲಯ ಸಂಘವು 1990ರಲ್ಲಿ ಕಥನ, ನಾಟಕ ಮೊದಲಾದ ಬಿಡಿ ಕೃತಿಗಳಿಗೂ ಶೀರ್ಷಿಕೆ ಕೊಡುವ ಮಾರ್ಗಸೂಚಿಯನ್ನು ಪ್ರಕಟಿಸಿದ ಮೇಲೆ ಅಲ್ಲಿನ ಪರಿಸ್ಥಿತಿ ಬದಲಾಗತೊಡಗಿತು. ನಮ್ಮ ಸೂಚಿಗಳಲ್ಲಿ 'ಕನ್ನಡ ಕಾದಂಬರಿ' ಎಂಬುದೇ ಇಂದಿಗೂ ಹಲವೆಡೆ ಮೊದಲ ಮತ್ತು ಕೊನೆಯ ಶೀರ್ಷಿಕೆ.

ಎರಡನೆಯ ತೊಡಕು ಪದಗಳದ್ದು. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ, ಗಂಗ ಶ್ರೀಪುರುಷನ ಕಾಲದ್ದೆಂದು ಗುರುತಿಸಲಾದ ಕಿತ್ತಯ್ಯನ ವೀರಗಲ್ಲನ್ನು ನೋಡಿದ ಸ್ಥಳೀಯ ವಿದ್ಯಾರ್ಥಿಯೊಬ್ಬ ಅದರ ಬಗ್ಗೆ ಓದಬಯಸುತ್ತಾನೆಂದು ಭಾವಿಸೋಣ. ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟ, ಆರ್. ಶೇಷಶಾಸ್ತ್ರಿಯವರ 'ಕರ್ನಾಟಕದ ವೀರಗಲ್ಲುಗಳು', ಗಂಗರ ಚರಿತ್ರೆ, ಶಿಲ್ಪಕಲೆ, ವೀರಾರಾಧನೆಯ ಜಾನಪದ ಅಧ್ಯಯನ ಇವೆಲ್ಲ ಅವನಿಗೆ ಬೇಕಾದವು. ಇವು ಭಾಷೆ, ಇತಿಹಾಸ, ಕಲೆ, ಜಾನಪದ ಎಂಬ ಬೇರೆ ಬೇರೆ ವರ್ಗಗಳಲ್ಲಿವೆ. 'ವೀರಗಲ್ಲು' ಎಂಬ ಒಂದೇ ಶೀರ್ಷಿಕೆ, ಅದರೊಡನೆ 'ಮಾಸ್ತಿಕಲ್ಲು, ನಿಸಿದಿಗೆ ಇವನ್ನೂ ನೋಡಿ' ಎಂಬ ಒಂದು ಸೂಚನೆ ಇದ್ದರೆ ಅವನ ದಾರಿ ತೆರೆಯುತ್ತದೆ. ಇಂಥ ಪದಗಳನ್ನು ಇಂಗ್ಲಿಷ್ ಪಟ್ಟಿಗಳಿಂದ ಅನುವಾದಿಸಿ ಪಡೆಯಲಾಗದು. ಅವು ಕನ್ನಡ ಅಧ್ಯಯನದ ಒಳಗಿನಿಂದಲೇ ಬರಬೇಕು.

6. ಸಾದೃಶ್ಯವನ್ನು ಅಳೆಯುವ ಕ್ರಮ

ಶೀರ್ಷಿಕೆಗಳು ದೊರೆತ ಮೇಲೆ ಸಾದೃಶ್ಯವನ್ನು ಗುರುತಿಸುವುದು ಹೇಗೆ? ನಾಲ್ಕು ಕೃತಿಗಳಿಗೆ ಪ್ರಾಯೋಗಿಕವಾಗಿ ಶೀರ್ಷಿಕೆಗಳನ್ನು ಕೊಟ್ಟು ನೋಡಬಹುದು.

'ಚೋಮನ ದುಡಿ': ಕಾದಂಬರಿ, ದಕ್ಷಿಣ ಕನ್ನಡ, ಅಸ್ಪೃಶ್ಯತೆ, ಭೂ ಒಡೆತನ, ಸಾಲ ಮತ್ತು ಜೀತ, ಮತಾಂತರ.
'ಮರಳಿ ಮಣ್ಣಿಗೆ': ಕಾದಂಬರಿ, ದಕ್ಷಿಣ ಕನ್ನಡ, ಕೃಷಿ ಕುಟುಂಬ, ತಲೆಮಾರುಗಳು, ನಗರ ವಲಸೆ.
'ಚಿರಸ್ಮರಣೆ': ಕಾದಂಬರಿ, ಕಯ್ಯೂರು, ರೈತ ಹೋರಾಟ, ಭೂ ಒಡೆತನ, ವಸಾಹತು ಆಡಳಿತ.
'ಗೌರ್ಮೆಂಟ್ ಬ್ರಾಹ್ಮಣ': ಆತ್ಮಕಥೆ, ಉತ್ತರ ಕರ್ನಾಟಕ, ಅಸ್ಪೃಶ್ಯತೆ, ಶಿಕ್ಷಣ.

ಕಪಾಟಿನಲ್ಲಿ 'ಚೋಮನ ದುಡಿ'ಯ ಪಕ್ಕದಲ್ಲಿರುವುದು ಅದೇ ಲೇಖಕರ 'ಮರಳಿ ಮಣ್ಣಿಗೆ'. ಸಮಾನ ಶೀರ್ಷಿಕೆಗಳನ್ನು ಸುಮ್ಮನೆ ಎಣಿಸಿದರೆ 'ಮರಳಿ ಮಣ್ಣಿಗೆ'ಗೆ ಎರಡು, 'ಚಿರಸ್ಮರಣೆ'ಗೆ ಎರಡು, 'ಗೌರ್ಮೆಂಟ್ ಬ್ರಾಹ್ಮಣ'ಕ್ಕೆ ಒಂದು ಸಿಗುತ್ತದೆ. ಈ ಎಣಿಕೆ ದಾರಿ ತಪ್ಪಿಸುವಂಥದು. ಏಕೆಂದರೆ ಮೊದಲೆರಡರ ಲೆಕ್ಕದಲ್ಲಿ 'ಕಾದಂಬರಿ' ಎಂಬ ಶೀರ್ಷಿಕೆಯೂ ಸೇರಿದೆ. ಸಾವಿರಾರು ಪುಸ್ತಕಗಳಿಗೆ ಸಮಾನವಾದ ಶೀರ್ಷಿಕೆ ಯಾವ ಎರಡು ಪುಸ್ತಕಗಳ ವಿಶೇಷ ಸಂಬಂಧವನ್ನೂ ತಿಳಿಸುವುದಿಲ್ಲ. ಆದ್ದರಿಂದ ಶೀರ್ಷಿಕೆ ಎಷ್ಟು ವಿರಳವೋ ಅದಕ್ಕೆ ಅಷ್ಟು ಹೆಚ್ಚು ತೂಕ ಕೊಡಬೇಕೆಂಬುದು ಮಾಹಿತಿ ಶೋಧನೆಯ ಸರ್ವಸಮ್ಮತ ತತ್ತ್ವ. ಈ ತತ್ತ್ವವನ್ನು ಅನ್ವಯಿಸಿದರೆ 'ಕಾದಂಬರಿ'ಯ ತೂಕ ಶೂನ್ಯದ ಹತ್ತಿರಕ್ಕೆ ಇಳಿಯುತ್ತದೆ. 'ಅಸ್ಪೃಶ್ಯತೆ'ಯ ತೂಕ ಏರುತ್ತದೆ. ಪ್ರಕಾರ, ಕಾಲ, ಪ್ರದೇಶ ಮೂರರಲ್ಲಿಯೂ ದೂರವಿರುವ 'ಗೌರ್ಮೆಂಟ್ ಬ್ರಾಹ್ಮಣ'ವು 'ಚೋಮನ ದುಡಿ'ಯ ಓದುಗನ ಮುಂದೆ ಬರುತ್ತದೆ.

ಸ್ಥಳದ ಶೀರ್ಷಿಕೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಿರಂಜನರ 'ಚಿರಸ್ಮರಣೆ'ಗೆ ವಸ್ತುವಾದ ಕಯ್ಯೂರಿನ ಹೋರಾಟ ನಡೆದುದು 1941ರಲ್ಲಿ. ಅಂದು ಆ ಊರು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಇಂದು ಅದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿದೆ. ಇಂದಿನ ಗಡಿಯನ್ನು ಮಾತ್ರ ಅನುಸರಿಸಿದರೆ ಈ ಕಾದಂಬರಿ 'ಚೋಮನ ದುಡಿ'ಯ ಸೀಮೆಯಿಂದ ಹೊರಗಾಗುತ್ತದೆ. ಆದ್ದರಿಂದ ಕೃತಿಯ ಕಾಲದ ಆಡಳಿತ ಪ್ರದೇಶ, ಇಂದಿನ ಪ್ರದೇಶ ಎರಡನ್ನೂ ದಾಖಲಿಸುವುದು ಅವಶ್ಯ.

ಪುಸ್ತಕ ವ್ಯಾಪಾರದ ಜಾಲತಾಣಗಳು ಬಳಸುವ 'ಇದನ್ನು ಕೊಂಡವರು ಇದನ್ನೂ ಕೊಂಡರು' ಎಂಬ ಕ್ರಮಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗುತ್ತದೆ. ಆ ಕ್ರಮಕ್ಕೆ ದೊಡ್ಡ ಸಂಖ್ಯೆಯ ಕೊಳ್ಳುವಿಕೆಯ ದಾಖಲೆ ಬೇಕು. ಯಾರೂ ಕೊಳ್ಳದ, ಮರುಮುದ್ರಣ ಕಾಣದ ಕನ್ನಡ ಪುಸ್ತಕ ಅದರ ಲೆಕ್ಕಕ್ಕೆ ಬರುವುದೇ ಇಲ್ಲ. ಶೀರ್ಷಿಕೆಯ ಕ್ರಮದಲ್ಲಿ ಒಮ್ಮೆಯೂ ಎರವಲು ಹೋಗದ ಪುಸ್ತಕಕ್ಕೂ ಸಮಾನ ಅವಕಾಶವಿದೆ. 'ಪ್ರತಿ ಪುಸ್ತಕಕ್ಕೂ ಅದರ ಓದುಗ' ಎಂಬ ರಂಗನಾಥನ್ ಅವರ ಮೂರನೆಯ ಸೂತ್ರಕ್ಕೆ ಹತ್ತಿರವಾದುದು ಇದೇ.

7. ಮಿತಿಗಳು

ಈ ಕ್ರಮದ ಮಿತಿಗಳನ್ನೂ ಗುರುತಿಸಬೇಕು. ಮೊದಲನೆಯದಾಗಿ, ಶೀರ್ಷಿಕೆ ಕೃತಿಯ ವಸ್ತುವನ್ನು ಹೇಳುತ್ತದೆಯೇ ಹೊರತು ಧ್ವನಿಯನ್ನಾಗಲಿ ಗುಣವನ್ನಾಗಲಿ ಹೇಳುವುದಿಲ್ಲ. ಎರಡನೆಯದಾಗಿ, ಶೀರ್ಷಿಕೆ ಹಣೆಪಟ್ಟಿಯಾಗುವ ಅಪಾಯವಿದೆ. ದೇವನೂರ ಮಹಾದೇವರ 'ಕುಸುಮಬಾಲೆ'ಯನ್ನು 'ದಲಿತ ಸಾಹಿತ್ಯ' ಎಂಬ ಒಂದೇ ಶೀರ್ಷಿಕೆಯಲ್ಲಿ ಕಟ್ಟಿಹಾಕಿದರೆ ಮೌಖಿಕ ಕಥನ ಪರಂಪರೆಯೊಡನೆ, ನಂಜನಗೂಡು ಸೀಮೆಯ ಆಡುಮಾತಿನೊಡನೆ ಅದಕ್ಕಿರುವ ನಂಟು ಮರೆಯಾಗುತ್ತದೆ. ಶೀರ್ಷಿಕೆ ಸಲ್ಲಬೇಕಾದುದು ಕೃತಿಗೆ, ಲೇಖಕನ ಜಾತಿಗಲ್ಲ ಎಂಬ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಮೂರನೆಯದಾಗಿ, ಸದಾ ಸದೃಶವಾದುದನ್ನೇ ಸೂಚಿಸುವುದು ಓದನ್ನು ಕಿರಿದುಗೊಳಿಸಬಹುದು. 'ಪರ್ವ'ವನ್ನು ಓದಿದವನಿಗೆ ಕುಮಾರವ್ಯಾಸನನ್ನು ಸೂಚಿಸುವುದು ಅವೆರಡೂ ಒಂದೇ ಬಗೆಯವು ಎಂದಲ್ಲ, ಒಂದೇ ಕಥೆಯನ್ನು ಎದುರುಬದುರಾಗಿ ನೋಡುತ್ತವೆ ಎಂಬ ಕಾರಣಕ್ಕಾಗಿ. ವಾಗ್ವಾದವೂ ಒಂದು ಬಗೆಯ ಬಂಧುತ್ವ. ಅದಕ್ಕೂ ಸೂಚಿಯಲ್ಲಿ ಒಂದು ಎಡೆ ಇರಬೇಕು.

8. ಸಮಾರೋಪ

ಮೇಲಿನ ಚರ್ಚೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಭಾಷೆ ಮತ್ತು ಪ್ರಕಾರಗಳನ್ನು ಆಧರಿಸಿದ ವರ್ಗೀಕರಣ ಕನ್ನಡ ಕೃತಿಗಳ ಸಾದೃಶ್ಯವನ್ನು ತೋರಿಸಲು ಸಾಲದು. ವಿಷಯ ಶೀರ್ಷಿಕೆಗಳು ಈ ಕೊರತೆಯನ್ನು ತುಂಬಬಲ್ಲವು. ಇಂದಿನ ಗ್ರಂಥಾಲಯ ತಂತ್ರಾಂಶಗಳಾದ ಕೋಹಾ, ಇ-ಗ್ರಂಥಾಲಯ ಮೊದಲಾದವುಗಳಲ್ಲಿ ಒಂದು ಪುಸ್ತಕಕ್ಕೆ ಹಲವು ಶೀರ್ಷಿಕೆಗಳನ್ನು, ಕನ್ನಡ ಲಿಪಿಯಲ್ಲಿಯೇ, ನಮೂದಿಸಲು ಅವಕಾಶವಿದೆ. ಕೊರತೆಯಿರುವುದು ತಂತ್ರಜ್ಞಾನದಲ್ಲಿ ಅಲ್ಲ, ಒಪ್ಪಿತವಾದ ಕನ್ನಡ ಶೀರ್ಷಿಕೆಗಳ ಪಟ್ಟಿಯಲ್ಲಿ.

ಈ ಪಟ್ಟಿಯನ್ನು ಗ್ರಂಥಪಾಲಕರೊಬ್ಬರೇ ಸಿದ್ಧಪಡಿಸಲಾರರು. ಅದಕ್ಕೆ ಕೃತಿಗಳನ್ನು ಓದಿದವರು ಬೇಕು. ಪ್ರತಿವರ್ಷ ನಮ್ಮ ವಿಭಾಗಗಳಲ್ಲಿ ಪಿಎಚ್.ಡಿ. ಪ್ರಬಂಧಗಳಿಗಾಗಿ ನೂರಾರು ಕೃತಿಗಳ ಅಧ್ಯಯನ ನಡೆಯುತ್ತ ಬಂದಿದೆ. ಆ ಓದಿನ ಫಲ ಪ್ರಬಂಧದ ರಟ್ಟಿನೊಳಗೆ ಉಳಿದುಬಿಡುತ್ತದೆ. ಪ್ರತಿಯೊಬ್ಬ ಸಂಶೋಧಕನೂ ತಾನು ಓದಿದ ಪ್ರತಿ ಕೃತಿಗೆ ನಾಲ್ಕಾರು ಶೀರ್ಷಿಕೆಗಳನ್ನು ಬರೆದು ವಿಭಾಗದ ಗ್ರಂಥಾಲಯಕ್ಕೆ ಸಲ್ಲಿಸುವುದು ಕಷ್ಟದ ಕೆಲಸವಲ್ಲ. 'ಸಮಗ್ರ ವಚನ ಸಂಪುಟ'ದ ಹದಿನೈದನೆಯದಾದ ಪರಿಭಾಷಾಕೋಶದಂಥ ಆಕರಗಳು ಪದಗಳನ್ನು ಆರಿಸಿಕೊಳ್ಳಲು ಈಗಾಗಲೇ ಸಿದ್ಧವಾಗಿವೆ. ವಿಭಾಗವೊಂದು ನೂರು ಕೃತಿಗಳಿಂದ ಆರಂಭಿಸಿದರೂ ಸಾಕು. ಮಲ್ಲಿಕಾರ್ಜುನನೂ ಜಕ್ಕಣಾರ್ಯನೂ ತಮ್ಮ ಕಾಲದ ಸಾಹಿತ್ಯಕ್ಕೆ ಮಾಡಿದ ಕೆಲಸವನ್ನು ನಮ್ಮ ಕಾಲದ ಸಾಹಿತ್ಯಕ್ಕೆ ಮಾಡಬೇಕಾದವರು ನಾವೇ. ಆಗ 'ಕರ್ವಾಲೊ' ಹಿಂದಿರುಗಿಸಿದ ಓದುಗನಿಗೆ 'ಹಸುರು ಹೊನ್ನು' ಸಿಗುವುದು ಒ೦ದು ಊರಿನ ಒಬ್ಬ ಸಹಾಯಕಿಯ ನೆನಪನ್ನು ಮಾತ್ರ ಅವಲಂಬಿಸಿರುವುದಿಲ್ಲ.